ಬಳೆ ಅದೇ, ಕೈಯೂ ಅದೇ

ಎಲ್ಲವ್ವನ ಹೆಸರಲ್ಲಿ ಹೆಣ್ಣುಡುಗೆ ಉಟ್ಟು ಬಾಳುವ ಜೋಗಪ್ಪಗಳ ಬಗ್ಗೆಯೂ, ಗಂಡನ್ನು ಪ್ರೀತಿಸುವ ಗಂಡಸರ ಬಗ್ಗೆಯೂ ನಾವು ಬರೆದ ಲೇಖನ ಓದಿ ಗದಗದಿಂದ ಮೇಷ್ಟ್ರೊಬ್ಬರು ಬರೆದಿದ್ದಾರೆ: “ಮಂಜಮ್ಮ ಜೋಗತಿ ಪದ್ಮಶ್ರೀ ತಗೊಂಡಾಗ ನಾನೂ ಕಣ್ಣು ಒರೆಸಿಕೊಂಡವನೇ. ಜೋಗಪ್ಪಗಳು ನಮ್ಮ ಮಣ್ಣಿನವರು. ಆದರೆ ಗಂಡು ಗಂಡನ್ನು ಪ್ರೀತಿಸೋದು ಹೊರದೇಶದ ಗಾಳಿ. ಎರಡನ್ನೂ ಒಂದೇ ಲೇಖನದಲ್ಲಿ ಯಾಕೆ ತುರುಕಿದಿರಿ? ಕ್ಲಾಸಲ್ಲಿ ಮಕ್ಕಳು ಕೇಳಿದರೆ ಯಾವ ಪದ ಹೇಳಲಿ?”

ಮೇಷ್ಟ್ರೇ, ತುರುಕಿದ್ದು ನಮ್ಮದೇ ತಪ್ಪು. ನಾನು ಹೆಣ್ಣೋ ಗಂಡೋ ಅನ್ನೋದು ಒಂದು ಮಾತು. ಯಾರ ಮೇಲೆ ಮನಸ್ಸಾಗುತ್ತದೆ ಅನ್ನೋದು ಇನ್ನೊಂದು. ಬಿಡಿಸಿ ಬರೆಯಬೇಕಿತ್ತು.

ಹೊರದೇಶದ ಗಾಳಿ ಅಂದಿರಲ್ಲ, ಅಲ್ಲಿ ಮಾತ್ರ ನನ್ನ ತಕರಾರಿದೆ. ಹೊರಗಿನಿಂದ ಬಂದದ್ದು ಶಿಕ್ಷೆ. ಗಂಡು ಗಂಡು ಕೂಡುವುದನ್ನು ಅಪರಾಧ ಅಂದ ದಂಡಸಂಹಿತೆಯ 377ನೇ ಕಲಂ ಬ್ರಿಟಿಷರು 1860ರಲ್ಲಿ ಬರೆದದ್ದು. 1871ರಲ್ಲಿ ಇನ್ನೊಂದು ಕಾನೂನು ತಂದು, ಉತ್ತರದ ಕಡೆ ಹಿಜ್ರಾಗಳ ಹೆಸರನ್ನು ಸರ್ಕಾರಿ ರಿಜಿಸ್ಟರಿಗೆ ಹತ್ತಿಸಿದರು. ಹಾಗೆ ಹೆಸರಿದ್ದವರು ಹೆಣ್ಣುಡುಗೆಯಲ್ಲಿ ಬೀದಿಗೆ ಬಂದರೆ ಜೈಲು. ಒಪ್ಪಿ ಕೂಡುವ ಇಬ್ಬರು ದೊಡ್ಡವರ ಮೇಲಿಂದ 377 ಇಳಿದದ್ದು 2018ರ ಸೆಪ್ಟೆಂಬರ್ 6ಕ್ಕೆ. ಅಂಥವರಿಗೆ ಮದುವೆಯ ಹಕ್ಕನ್ನು ಸುಪ್ರೀಂ ಕೋರ್ಟ್ 2023ರಲ್ಲೂ ಕೊಡಲಿಲ್ಲ.

ಹೊರದೇಶ ಅಂದರೂ ಎಲ್ಲ ಒಂದೇ ಅಲ್ಲ. ಅಮೆರಿಕದ ಮೂಲನಿವಾಸಿಗಳಾದ ಜೂನಿ ಜನರಲ್ಲಿ ಗಂಡಾಗಿ ಹುಟ್ಟಿ ಹೆಣ್ಣಿನ ಬಾಳು ಬಾಳುವವರಿಗೆ ‘ಲಮಾನಾ’ ಅಂತಲೇ ಹೆಸರು. ಅವರಲ್ಲೊಬ್ಬರಾದ ವೀವಾ, ಒಳ್ಳೆ ನೇಕಾರರು, 1886ರಲ್ಲಿ ವಾಷಿಂಗ್ಟನ್ನಿಗೆ ಹೋಗಿ ಅಧ್ಯಕ್ಷರನ್ನೂ ಕಂಡರು. ರಾಜಧಾನಿಯವರು ಹೆಂಗಸೆಂದೇ ತಿಳಿದಿದ್ದರು. ಊರಲ್ಲಿ ಎಲ್ಲರಿಗೂ ನಿಜ ಗೊತ್ತಿತ್ತು, ಯಾರಿಗೂ ಅದೊಂದು ಸುದ್ದಿಯೇ ಅಲ್ಲ.

ಇನ್ನು ನಮ್ಮ ಮಣ್ಣು. ಮಂಗಳವಾರ ಬಾಗಿಲಿಗೆ ಜೋಗಪ್ಪ ಬಂದರೆ ನಮ್ಮವ್ವ ಮೊರದಲ್ಲಿ ಜೋಳ ತರುತ್ತಿದ್ದಳು. ಹಣೆಗೆ ಭಂಡಾರ ಹಚ್ಚಿಸಿಕೊಂಡು, ಚೌಡಿಕೆ ಸದ್ದು ಓಣಿ ದಾಟಿದ ಮೇಲೆಯೇ ಒಳಗೆ ಬರುತ್ತಿದ್ದಳು. ಅದೇ ಓಣಿಯಲ್ಲಿ ಒಬ್ಬ ಹುಡುಗ ಅಕ್ಕನ ಬಳೆ ತೊಟ್ಟುಕೊಂಡ. ಅಪ್ಪ ಕಂಬಕ್ಕೆ ಕಟ್ಟಿ ಬಾರಿಸಿದ. ಕೆಲ ವರ್ಷ ಬಿಟ್ಟು, ಮೈಮೇಲೆ ಎಲ್ಲವ್ವ ಬಂದಿದ್ದಾಳೆ ಅಂತ ಹಿರಿಯರು ಹೇಳಿದರು. ಅದೇ ಅಪ್ಪ ಸವದತ್ತಿ ಗುಡ್ಡಕ್ಕೆ ಕರೆದುಕೊಂಡು ಹೋಗಿ ಮುತ್ತು ಕಟ್ಟಿಸಿ ದೇವಿಗೆ ಬಿಟ್ಟ, ಬಳೆಯನ್ನೂ ತಾನೇ ಕೊಡಿಸಿದ. ಬಳೆ ಅದೇ, ಕೈಯೂ ಅದೇ. ದೇವಿ ಕೇಳಿದಾಗ ಕೊಟ್ಟದ್ದನ್ನು ಮಗ ಕೇಳಿದಾಗ ಕೊಟ್ಟಿರಲಿಲ್ಲ. ಗಂಡನ್ನು ಪ್ರೀತಿಸುವ ಗಂಡಿನ ಪರವಾಗಿ ಕೇಳೋಕೆ ಯಾವ ದೇವಿಯೂ ಮೈಮೇಲೆ ಬರಲ್ಲ, ನೋಡಿ.

ಪದದ ವಿಚಾರ. ಜೋಗಪ್ಪ ಅಂದರೆ ಎಲ್ಲವ್ವನಿಗೆ ಮುತ್ತು ಕಟ್ಟಿಸಿಕೊಂಡವರು. ಹಿಜ್ರಾಗಳದ್ದು ಬೇರೆ ಸಮುದಾಯ. ಇನ್ನು ಪತ್ರಿಕೆಗಳು ರೂಢಿಯಲ್ಲಿ ಬರೆಯುವ ‘ಸಲಿಂಗಕಾಮಿ’ ಬೇಡ, ‘ಸಲಿಂಗಪ್ರೇಮಿ’ ಅನ್ನಿ. ನಿಮ್ಮನ್ನೂ ನಿಮ್ಮ ಮನೆಯವರನ್ನೂ ಯಾರೂ ಕಾಮಿಗಳು ಅಂತ ಪರಿಚಯ ಮಾಡಿಕೊಡಲ್ಲ, ಅಲ್ವಾ?

— ಸಂಪಾದಕ