ಮೈಕೈ ತುಂಬಿಕೊಂಡ ಮಗ, 138/88 ಬಿಪಿ

ಪ್ರಶ್ನೆ: ಡಾಕ್ಟರಿಗೆ ನಮಸ್ಕಾರ. ಮಗನಿಗೆ 25 ವರ್ಷ, ಬೆಂಗಳೂರಿನಲ್ಲಿ ಕೆಲಸ. ಎತ್ತರ ಐದು ಅಡಿ ಏಳಿಂಚು. ಡಿಗ್ರಿ ಮುಗಿಸಿದಾಗ 62 ಕೆಜಿ ಇದ್ದವನು ಮೂರು ವರ್ಷದಲ್ಲಿ 81 ಆಗಿದ್ದಾನೆ. ನಮ್ಮ ಕಣ್ಣಿಗೆ ಈಗ ಮೈಕೈ ತುಂಬಿಕೊಂಡು ಲಕ್ಷಣವಾಗಿದ್ದಾನೆ. ಆದರೆ ಆಫೀಸಿನ ತಪಾಸಣೆಯಲ್ಲಿ ಬಿಪಿ 138/88 ಬಂತಂತೆ. ಅವರಪ್ಪನಿಗೆ 45ಕ್ಕೇ ಮಾತ್ರೆ ಶುರುವಾಗಿತ್ತು. ಇವನಿಗೂ ಈಗಲೇ ಬೇಕೆ? ಹೆಣ್ಣು ನೋಡುತ್ತಿದ್ದೇವೆ, ಅದಕ್ಕೇ ಹೆದರಿಕೆ.
– ಓದುಗರೊಬ್ಬರು, ಅರಸೀಕೆರೆ

ಉತ್ತರ: ಮಾತ್ರೆ ಈಗ ಬೇಡ ತಾಯಿ. ಒಂದು ಸಲ ನೋಡಿದ ಬಿಪಿಯನ್ನು ನಂಬಿ ನಾನು ಯಾರಿಗೂ ಚೀಟಿ ಬರೆಯುವುದಿಲ್ಲ. ಅದರಲ್ಲೂ ಆಫೀಸಿನ ತಪಾಸಣೆ ಅಂದರೆ ಸಾಲಿನಲ್ಲಿ ನಿಂತು, ಕಾಫಿ ಕುಡಿದು, ಕೂತ ತಕ್ಷಣ ಪಟ್ಟಿ ಸುತ್ತಿಸಿಕೊಳ್ಳುವುದು. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಕಟ್ಟಿದರೂ ಅಂಕಿ ಸುಳ್ಳಾಗಿ ಏರುತ್ತದೆ. ಮಗನಿಗೆ ತೋಳಿಗೆ ಕಟ್ಟುವ ಮಿಷನ್ ಕೊಡಿಸಿ, ಅವನ ತೋಳಿನ ಅಳತೆಗೆ ಸರಿಯಾದ ಪಟ್ಟಿಯೇ ಇರಲಿ. ಐದು ನಿಮಿಷ ಸುಮ್ಮನೆ ಕೂತು, ಬೆನ್ನಿಗೆ ಆಸರೆ ಕೊಟ್ಟು, ಬೆಳಿಗ್ಗೆ ಸಂಜೆ ಎರಡೆರಡು ಸಲದಂತೆ ಒಂದು ವಾರ ಬರೆದಿಡಲಿ. ಮನೆಯಲ್ಲಿ ಸರಾಸರಿ 135/85 ದಾಟಿದರೆ ಮಾತ್ರ ಮುಂದಿನ ಮಾತು. ಆಗ ಮೂತ್ರ ಪರೀಕ್ಷೆ, ರಕ್ತದಲ್ಲಿ ಕ್ರಿಯಾಟಿನಿನ್ (ಕಿಡ್ನಿ ಹೇಗೆ ಕೆಲಸ ಮಾಡುತ್ತಿದೆ ಎಂದು ತಿಳಿಸುವ ಅಂಶ), ಪೊಟ್ಯಾಸಿಯಂ ಪರೀಕ್ಷೆ ಮಾಡಿಸಬೇಕು. ಇಷ್ಟು ಚಿಕ್ಕ ವಯಸ್ಸಿಗೆ ಬಿಪಿ ಬಂದರೆ ಕಿಡ್ನಿಯನ್ನು ಒಮ್ಮೆ ವಿಚಾರಿಸಲೇಬೇಕು.

ಆದರೆ ನನಗೆ ಚಿಂತೆ ಹಚ್ಚಿದ್ದು 138 ಅಲ್ಲ, 62 ಮತ್ತು 81ರ ನಡುವಿನ ಆ ಹತ್ತೊಂಬತ್ತು ಕೆಜಿ. ಅವನ ಬಿಎಂಐ, ಅಂದರೆ ಎತ್ತರಕ್ಕೆ ಹೋಲಿಸಿದ ತೂಕದ ಲೆಕ್ಕ, ಈಗ 28. ನಮ್ಮ ಜನಕ್ಕೆ 23 ದಾಟಿದರೆ ತೂಕ ಹೆಚ್ಚು, 25 ದಾಟಿದರೆ ಬೊಜ್ಜು ಎಂದೇ ಲೆಕ್ಕ. ‘ಮೈಕೈ ತುಂಬಿಕೊಂಡಿದ್ದಾನೆ’ ಅನ್ನುವ ನಮ್ಮ ಹೊಗಳಿಕೆ ಹುಟ್ಟಿದ್ದು ಊಟಕ್ಕೆ ತತ್ವಾರವಿದ್ದ ಕಾಲದಲ್ಲಿ.

ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್‌ನಲ್ಲಿ 1948ರಿಂದ 1964ರವರೆಗಿನ ವೈದ್ಯ ವಿದ್ಯಾರ್ಥಿಗಳ ತೂಕ, ಎತ್ತರ ಬರೆದಿಟ್ಟುಕೊಂಡು ಅವರನ್ನು ಮುಪ್ಪಿನವರೆಗೂ ಹಿಂಬಾಲಿಸಿದರು. ಓದುವಾಗಲೇ ದಪ್ಪಗಿದ್ದವರಿಗೆ ಮುಂದೆ ಬಿಪಿ ಹೆಚ್ಚು ಬಂತು. ನನಗೆ ಇಷ್ಟವಾದ ಸಂಗತಿ ಬೇರೆ: ಚಿಕ್ಕಂದಿನಲ್ಲಿ ದಪ್ಪಗಿದ್ದು ನಡುವಯಸ್ಸಿನ ಹೊತ್ತಿಗೆ ಇಳಿಸಿಕೊಂಡವರ ಅಪಾಯ, ಮೊದಲಿನಿಂದ ಸರಿಯಾದ ತೂಕದಲ್ಲಿದ್ದವರ ಮಟ್ಟಕ್ಕೇ ಹತ್ತಿರವಿತ್ತು. ಅವರೆಲ್ಲ ಬಿಳಿಯ ಗಂಡಸರು ಎಂಬುದನ್ನು ಮರೆಯುವಂತಿಲ್ಲ. ಆದರೂ ಕೊಬ್ಬು ಕೆಲಸ ಮಾಡುವ ರೀತಿ ಎಲ್ಲರಲ್ಲೂ ಒಂದೇ. ಹೊಟ್ಟೆಯೊಳಗಿನ ಕೊಬ್ಬು ಕಿಡ್ನಿಯನ್ನು ಒತ್ತುತ್ತದೆ, ನರಗಳನ್ನು ಕೆಣಕುತ್ತದೆ. ಕಿಡ್ನಿ ಉಪ್ಪನ್ನು ಹೊರಗೆ ಬಿಡದೆ ಹಿಡಿದಿಟ್ಟುಕೊಳ್ಳುತ್ತದೆ.

ನನ್ನದೇ ಕಥೆ ಹೇಳಿಬಿಡುತ್ತೇನೆ. ಹೌಸ್ ಸರ್ಜನ್ ಆಗಿದ್ದಾಗ ರಾತ್ರಿ ಡ್ಯೂಟಿಯ ಪರೋಟಾ ತಿಂದು ಹನ್ನೊಂದು ಕೆಜಿ ಏರಿದೆ. ‘ಆಮೇಲೆ ಇಳಿಸಿದರಾಯಿತು’ ಅಂದುಕೊಂಡೆ. ಆ ಆಮೇಲೆ ಬರಲೇ ಇಲ್ಲ, 38ಕ್ಕೆ ಬಿಪಿ ಬಂತು. ನಮ್ಮಪ್ಪನಿಗೂ ಇತ್ತು. ದಿನಾ ಬೆಳಿಗ್ಗೆ ಮಾತ್ರೆ ನುಂಗಿಯೇ ಕ್ಲಿನಿಕ್ಕಿಗೆ ಹೊರಡುತ್ತೇನೆ.

ನಿಮ್ಮ ಮಗ ಬಿಎಂಐ 23ರೊಳಗೆ ಬರುವ 66 ಕೆಜಿಗೇ ಇಳಿಯಲಿ ಅಂತ ನಾನು ಹಟ ಹಿಡಿಯುವುದಿಲ್ಲ. ವರ್ಷದೊಳಗೆ 72 ಕಂಡರೆ ಸಾಕು, ಸಂತೋಷ. ಒಂದು ಕೆಜಿ ಇಳಿದರೆ ಬಿಪಿಯ ಮೇಲಿನ ಅಂಕಿ ಸುಮಾರು ಒಂದರಷ್ಟು ಇಳಿಯುತ್ತದೆ. ರಾತ್ರಿ ಹನ್ನೊಂದಕ್ಕೆ ಮೊಬೈಲಿನಲ್ಲಿ ತರಿಸುವ ಬಿರಿಯಾನಿ ನಿಂತರೆ ಅರ್ಧ ಕೆಲಸ ಮುಗಿದಂತೆ. ಇನ್ನರ್ಧ ನಿಮ್ಮ ಕೈಯಲ್ಲಿದೆ: ಊರಿಂದ ಡಬ್ಬಿ ತುಂಬಿ ಕಳಿಸುವ ಚಕ್ಕುಲಿ, ಕೋಡುಬಳೆ, ಉಪ್ಪಿನಕಾಯಿ. ದಿನಕ್ಕೆ ಒಂದು ಟೀ ಚಮಚಕ್ಕಿಂತ ಹೆಚ್ಚು ಉಪ್ಪು ಯಾರಿಗೂ ಬೇಡ, ಅದರಲ್ಲಿ ಇವೆಲ್ಲವೂ ಸೇರಿದವು. ರೂಮಿನವರನ್ನು ಕೇಳಿ, ಜೋರಾಗಿ ಗೊರಕೆ ಹೊಡೆಯುತ್ತಾನಾ, ಮಧ್ಯೆ ಉಸಿರು ಕಟ್ಟಿದಂತಾಗುತ್ತದಾ ಅಂತ. ಹೌದು ಅಂದರೆ ಡಾಕ್ಟರಿಗೆ ಅದನ್ನು ಮೊದಲು ಹೇಳಿ. ಅದೂ ಬಿಪಿ ಏರಿಸುತ್ತದೆ.

ಹೆಣ್ಣು ನೋಡುವುದನ್ನು ನಿಲ್ಲಿಸಬೇಡಿ. ಹೋದ ಮನೆಯಲ್ಲೆಲ್ಲ ಕೇಸರಿಬಾತು, ಬಜ್ಜಿ ಮುಂದಿಡುತ್ತಾರಲ್ಲ, ಮರ್ಯಾದೆಗೆ ಒಂದು ಚಮಚ ಸಾಕು ಅಂತ ಅವನಿಗೆ ಹೊರಡುವ ಮುಂಚೆಯೇ ಹೇಳಿಡಿ.