ಹಳೇ ಸರ್ಫ್‌ಬೋರ್ಡ್ (ಸಮುದ್ರದ ಅಲೆಗಳ ಮೇಲೆ ನಿಂತು ಜಾರುವ ಹಲಗೆ) ಸಂಗ್ರಹಿಸೋಕೆ ಶುರು ಮಾಡುವವರು ಮೊದಲು ಏನು ನೋಡಬೇಕು?

ಬೋರ್ಡ್ ಯಾವುದರಿಂದ ಮಾಡಿದ್ದು ಅಂತ ನೋಡಿ. ಅದರಿಂದಲೇ ಕಾಲ ಹೆಚ್ಚುಕಡಿಮೆ ಗೊತ್ತಾಗುತ್ತದೆ.

ಹವಾಯಿಯ ಹಳೆಯ ಬೋರ್ಡ್‌ಗಳು ಕೋವಾ, ವಿಲಿವಿಲಿ ಥರದ ಮರದವು. ಅವು ಮಾರಾಟಕ್ಕೆ ಬರುವುದೇ ತೀರಾ ಅಪರೂಪ, ಹೊನೊಲುಲುವಿನ ಬಿಷಪ್ ಮ್ಯೂಸಿಯಂನಲ್ಲಿ ನೋಡಬಹುದು. 1920ರ ದಶಕದ ಕೊನೆಗೆ ಅಮೆರಿಕದ ಸರ್ಫರ್ ಟಾಮ್ ಬ್ಲೇಕ್ ಒಳಗೆ ಟೊಳ್ಳಾದ ಬೋರ್ಡ್‌ಗಳನ್ನು ತಂದರು, 1935ರಲ್ಲಿ ಅಡಿಯಲ್ಲಿ ಫಿನ್ (ಮೀನಿನ ರೆಕ್ಕೆಯಂಥ ಭಾಗ) ಕೂಡ ಜೋಡಿಸಿದರು. ಎರಡನೇ ಮಹಾಯುದ್ಧದ ನಂತರ ಹಗುರವಾದ ಬಾಲ್ಸಾ ಮರದ ಮೇಲೆ ಫೈಬರ್‌ಗ್ಲಾಸ್ ಹೊದಿಕೆ ಬಂತು. 1950ರ ದಶಕದ ಕೊನೆಗೆ ಕ್ಯಾಲಿಫೋರ್ನಿಯಾದಲ್ಲಿ ಹೋಬಿ ಆಲ್ಟರ್, ಗಾರ್ಡನ್ ಕ್ಲಾರ್ಕ್ ಅಂಥ ತಯಾರಕರಿಂದ ಫೋಮ್ (ಹಗುರವಾದ ಪ್ಲಾಸ್ಟಿಕ್ ನೊರೆ) ಬಂದು ಮರದ ಜಾಗ ಹಿಡಿಯಿತು. ಹೊಸಬರು 60ರ ದಶಕದ ಈ ಉದ್ದನೆಯ ಫೋಮ್ ಬೋರ್ಡ್‌ಗಳಿಂದಲೇ ಶುರು ಮಾಡುವುದು ಒಳ್ಳೆಯದು, ಯಾಕಂದ್ರೆ ಅವು ಜಾಸ್ತಿ ತಯಾರಾದವು, ಹೋಲಿಸಿ ನೋಡೋಕೂ ಸಿಗುತ್ತವೆ. 1967ರ ನಂತರ ಬೋರ್ಡ್‌ಗಳು ಬೇಗ ಬೇಗ ಗಿಡ್ಡವಾದವು.

ಆಮೇಲೆ ಫೋಮ್ ಬೋರ್ಡಿನ ನಡುವೆ ಉದ್ದಕ್ಕೂ ಇರುವ ಮರದ ಪಟ್ಟಿ ನೋಡಿ. ಅಲ್ಲಿ ಪೆನ್ಸಿಲ್‌ನಲ್ಲಿ ಬರೆದ ನಂಬರೋ, ಕೆತ್ತಿದವರ ಸಹಿಯೋ ಇದ್ದರೆ ಬೋರ್ಡ್ ಎಲ್ಲಿಂದ ಬಂದದ್ದು ಅಂತ ಹುಡುಕೋಕೆ ದಾರಿ ಸಿಗುತ್ತದೆ. ಫಿನ್ ಮೊದಲಿನದೋ, ಆಮೇಲೆ ಬದಲಿಸಿದ್ದೋ ಅನ್ನೋದೂ ಮುಖ್ಯ.

ದಯವಿಟ್ಟು ಸುಮ್ನೆ ಉಜ್ಜಿ ಹೊಸ ಬಣ್ಣ ಹೊಡೆಯಬೇಡಿ! ಹಳದಿಗಟ್ಟಿದ ಮೈ, ಸಣ್ಣ ತೇಪೆ, ಮಾಸಿದ ಲೇಬಲ್, ಇವೆಲ್ಲ ಆ ಬೋರ್ಡಿನ ಬದುಕು ಅಲ್ವಾ? ಒಮ್ಮೆ ಉಜ್ಜಿದರೆ ವಾಪಸ್ ಬರುವುದಿಲ್ಲ. ಮನೆಯಲ್ಲಿ ಬಿಸಿಲು ಬೀಳದ ಕಡೆ ಇಡಿ, ಬಿಸಿಯಾದ ಕಾರಿನೊಳಗಂತೂ ಬಿಡಲೇಬೇಡಿ, ಫೈಬರ್‌ಗ್ಲಾಸ್ ಫೋಮ್‌ನಿಂದ ಬಿಟ್ಟುಕೊಂಡು ಗುಳ್ಳೆ ಏಳುತ್ತದೆ.