ಚಂದ ಕಾಣದ ಸ್ತ್ರೀವೇಷ

ಓದುಗರ ಪತ್ರ: ಹೊನ್ನಾವರ ಸೀಮೆಯ ಓದುಗರೊಬ್ಬರು ‘ಟೂಟ್ಸಿ’ ಎಂಬ ಹಾಲಿವುಡ್ ಚಿತ್ರ ನೋಡಿ ಬರೆದಿದ್ದಾರೆ. “ಯಕ್ಷಗಾನ ಮೇಳಗಳ ಸ್ತ್ರೀವೇಷ ನೋಡಿ ಬೆಳೆದ ಕಣ್ಣಿಗೆ ಡಸ್ಟಿನ್ ಹಾಫ್‌ಮನ್ನನ ಹೆಣ್ಣುವೇಷ ಒಂದಿಷ್ಟೂ ಚಂದ ಕಾಣಲಿಲ್ಲ. ಜೊತೆಗೆ ಕೆಲಸ ಮಾಡುವ ಯಾರೊಬ್ಬರಿಗೂ ಅವನು ಗಂಡಸೆಂದು ಗೊತ್ತಾಗಲಿಲ್ಲ ಎಂದರೆ ನಂಬುವುದು ಹೇಗೆ? ಇಂಥ ಚಿತ್ರವನ್ನು ಹಾಸ್ಯದ ಮೇರು ಎನ್ನುವುದೇಕೆ?”

ಸಂಪಾದಕರ ಉತ್ತರ:

ಚಂದ ಕಾಣಲಿಲ್ಲ ಎಂಬ ತಮ್ಮ ಮಾತನ್ನು ಪೂರ್ತಿ ಒಪ್ಪುತ್ತೇವೆ. ಆದರೆ ತಾವು ಹಿಡಿದ ಅಳತೆಗೋಲು ಚೌಕಿಯದು, ಯಕ್ಷಗಾನದವರು ಬಣ್ಣ ಹಚ್ಚಿಕೊಳ್ಳುವ ಕೋಣೆಯದು. ರಂಗಸ್ಥಳಕ್ಕೆ ಬರುವ ದ್ರೌಪದಿ ಗಂಡಸೆಂದು ಎದುರು ಕೂತವರಿಗೆಲ್ಲ ಗೊತ್ತು; ಅಲ್ಲಿ ಯಾರನ್ನೂ ನಂಬಿಸಿ ಮೋಸ ಮಾಡಬೇಕಾಗಿಲ್ಲ, ಹೆಣ್ತನದ ಸೊಬಗನ್ನು ಕಂಡರಿಸಿ ತೋರಿಸಿದರೆ ಸಾಕು. ‘ಟೂಟ್ಸಿ’ಯಲ್ಲಿ ಕೆಲಸ ಬೇರೆ. ಅಲ್ಲಿ ಕೆಲಸ ಸಿಗದ ನಟ ಮೈಕಲ್, ಡೊರೊಥಿ ಎಂಬ ಹೆಂಗಸಿನ ವೇಷದಲ್ಲಿ ಟಿವಿ ಧಾರಾವಾಹಿಯೊಂದರ ಪಾತ್ರ ಗಿಟ್ಟಿಸುತ್ತಾನೆ. ನ್ಯೂಯಾರ್ಕಿನ ಬೀದಿಯಲ್ಲಿ ಎದುರಾದವರು ತಿರುಗಿಯೂ ನೋಡದೆ ದಾಟಿ ಹೋಗಬೇಕು. ಚಂದವಾದರೆ ಜನ ತಿರುಗಿ ನೋಡುತ್ತಾರೆ, ತಿರುಗಿ ನೋಡಿದರೆ ಗುಟ್ಟು ರಟ್ಟು.

ಹಾಫ್‌ಮನ್ ಚಿತ್ರಕ್ಕೆ ಒಪ್ಪುವ ಮೊದಲೇ ವೇಷದ ಪರೀಕ್ಷೆ ಆಗಲಿ, ಹೆಂಗಸೆಂದೇ ನಂಬುವ ಹಾಗೆ ಕಾಣದಿದ್ದರೆ ಈ ಚಿತ್ರವೇ ಬೇಡ ಎಂದು ಪಟ್ಟು ಹಿಡಿದಿದ್ದರು. ಪರದೆಯ ಮೇಲೆ ತನ್ನ ರೂಪ ನೋಡಿ, ಇನ್ನಷ್ಟು ಚಂದ ಮಾಡಿ ಎಂದು ಕೇಳಿದಾಗ, ಇದಕ್ಕಿಂತ ಹೆಚ್ಚು ಸಾಧ್ಯವಿಲ್ಲ ಎಂಬ ಉತ್ತರ ಬಂತಂತೆ. ಆ ಉತ್ತರವೇ ಡೊರೊಥಿ ಮೈಕಲ್ಸ್ ಎಂಬ ಪಾತ್ರದ ತಳಹದಿ: ದಪ್ಪ ಕನ್ನಡಕದ, ನಡುವಯಸ್ಸಿನ, ನೋಟಕ್ಕೆ ಸಾಧಾರಣ ಹೆಂಗಸು.

ಕ್ಯಾಮೆರಾದ ಎದುರು ಗಂಡಿನ ಮುಖ ಎಲ್ಲೆಲ್ಲಿ ಕೈಕೊಡುತ್ತದೆ ಎಂಬುದು ತಮಗೂ ಗೊತ್ತಿರಬಹುದು. ಮೊದಲನೆಯದು ಗಡ್ಡ. ಎಷ್ಟು ನುಣ್ಣಗೆ ಹೆರೆದರೂ ಚರ್ಮದಡಿ ನೀಲಿಗಪ್ಪು ಛಾಯೆ ಉಳಿಯುತ್ತದೆ. ಅದರ ಮೇಲೆ ಸೀದಾ ಮೈಬಣ್ಣ ಬಳಿದರೆ ಮುಖ ಬೂದಿ ಬಣ್ಣಕ್ಕೆ ತಿರುಗುತ್ತದೆ. ಮೊದಲು ಕೆಂಪು-ಕಿತ್ತಳೆಯ ತೆಳುವಾದ ಲೇಪ, ಅದು ನೀಲಿಯನ್ನು ನುಂಗಿದ ಮೇಲೆ ಮೈಬಣ್ಣ, ಆಮೇಲೆ ಪೌಡರು. ಲೇಪ ದಪ್ಪವಾದರೆ ನಕ್ಕಾಗ ಬಾಯಂಚಿನಲ್ಲಿ ಬಿರುಕು ಬಿಡುತ್ತದೆ, ದೀಪದ ಬಿಸಿಗೆ ಬೆವರಿ ಜಾರುತ್ತದೆ. ಇಷ್ಟೆಲ್ಲ ಮಾಡಿದರೂ ಕೆಲವು ತಾಸಿಗೆ ಕೂದಲು ಮತ್ತೆ ತಲೆ ಎತ್ತುತ್ತದೆ. ಯಕ್ಷಗಾನದಲ್ಲಿ ಹಳದಿಯ ಅರದಾಳ, ಬಿಳಿಯ ಸಫೇದ ಬೆರೆಸಿ ಹಚ್ಚಿದ ಬಣ್ಣವನ್ನು ದೂರದಿಂದ ನೋಡುವ ಕಣ್ಣು ಕ್ಷಮಿಸುತ್ತದೆ. ಕ್ಲೋಸಪ್ಪಿಗೆ ಆ ಕರುಣೆ ಇಲ್ಲ.

ಇನ್ನು ಗಂಟಲಿನ ಉಬ್ಬು. ಡೊರೊಥಿಯ ರವಿಕೆಗಳ ಕಾಲರು ಕತ್ತಿನವರೆಗೆ ಏರಿರುವುದು ಮರ್ಯಾದಸ್ತ ಹೆಂಗಸಿನ ಅಭಿರುಚಿಯಂತೆ ಕಾಣುತ್ತದೆ, ಒಳಗಿನ ಕಾರಣ ಬೇರೆ. ರೂತ್ ಮಾರ್ಲಿ ಅವರ ವಸ್ತ್ರವಿನ್ಯಾಸದ ಜಾಣತನ ಅದು: ಮರೆಮಾಚುವ ಪ್ರತಿಯೊಂದೂ ಪಾತ್ರದ ಸ್ವಭಾವವಾಗಿಬಿಟ್ಟಿದೆ. ಕನ್ನಡಕವೂ ಹಾಗೆಯೇ, ಹುಬ್ಬಿನ ಮೂಳೆಯ ಮೇಲಿನ ಗಮನವನ್ನು ಅದು ತನ್ನತ್ತ ಎಳೆದುಕೊಳ್ಳುತ್ತದೆ. ದನಿಯದು ಎಲ್ಲಕ್ಕಿಂತ ಕಷ್ಟ. ಬರೀ ಕೀರಲು ದನಿಯಲ್ಲಿ ಮಾತಾಡಿದರೆ ಅಣಕವಾಗುತ್ತದೆ, ಕೋಪ ಬಂದ ಕೂಡಲೇ ದನಿ ಕೆಳಗಿಳಿಯುತ್ತದೆ. ಡೊರೊಥಿ ಅಮೆರಿಕದ ದಕ್ಷಿಣ ಸೀಮೆಯ ಎಳೆದೆಳೆದು ಆಡುವ ಮಾತಿನವಳು. ಆ ರಾಗದಲ್ಲಿ ದನಿ ಮೃದುವಾಗಿ ಒಂದೇ ಮಟ್ಟದಲ್ಲಿ ನಿಲ್ಲುತ್ತದೆ.

ನಿರ್ದೇಶಕ ಸಿಡ್ನಿ ಪೊಲಾಕ್ ವೇಷವನ್ನು ನಮ್ಮೆದುರು ತಂದ ಬಗೆ ಇನ್ನೂ ಚೆನ್ನ. ಮೈಕಲ್ ಡಾರ್ಸಿ ಒಳ್ಳೆಯ ನಟ, ಆದರೆ ಮಹಾ ಜಗಳಗಂಟ. ಜಾಹೀರಾತಿನಲ್ಲಿ ಟೊಮೇಟೊ ಆಗಿದ್ದಾಗ, ಟೊಮೇಟೊ ಕೂರುವುದಿಲ್ಲ ಎಂದು ವಾದಿಸಿ ಕೆಲಸ ಕಳೆದುಕೊಂಡವನು. ನಿನಗೆ ಯಾರೂ ಕೆಲಸ ಕೊಡುವುದಿಲ್ಲ ಎಂದು ಏಜೆಂಟ್ ಹೇಳುತ್ತಾನೆ. ಮರುಕ್ಷಣವೇ ಜನಜಂಗುಳಿಯ ಬೀದಿ, ಅದರ ನಡುವೆ ನಡೆದು ಬರುವ ಡೊರೊಥಿ. ಬಣ್ಣ ಹಚ್ಚುವ ದೃಶ್ಯವನ್ನು ಮೊದಲೇ ತೋರಿಸಿದ್ದರೆ ನಾವು ತಪ್ಪು ಹುಡುಕುತ್ತ ಕೂರುತ್ತಿದ್ದೆವು. ತಾವು ಎತ್ತಿದ ‘ಚಂದವಿಲ್ಲ’ ಎಂಬ ಆಕ್ಷೇಪವನ್ನು ಚಿತ್ರವೇ ಬಾಯಿಬಿಟ್ಟು ಹೇಳುತ್ತದೆ. ಇವಳು ಸ್ವಲ್ಪ ಚೆನ್ನಾಗಿ ಕಾಣಬೇಕು, ಕ್ಯಾಮೆರಾ ಎಷ್ಟು ಹಿಂದೆ ಸರಿಸಬಹುದು ಎಂದು ಧಾರಾವಾಹಿಯ ನಿರ್ಮಾಪಕಿ ಕೇಳಿದರೆ, ಕ್ಯಾಮೆರಾದವನು ನೂರಾರು ಮೈಲಿ ಆಚೆಯ ಕ್ಲೀವ್‌ಲ್ಯಾಂಡ್ ಆಗಬಹುದೇ ಎನ್ನುತ್ತಾನೆ!

(ಆ ಏಜೆಂಟ್ ಸ್ವತಃ ಪೊಲಾಕ್. ನಟಿಸಲು ಮನಸ್ಸಿಲ್ಲದ ಅವರಿಗೆ ಹಾಫ್‌ಮನ್ ‘ಡೊರೊಥಿ’ ಹೆಸರಿನಲ್ಲಿ ಗುಲಾಬಿ ಹೂ ಕಳಿಸಿ ಒಪ್ಪಿಸಿದ್ದು ಪ್ರಸಿದ್ಧ.)

ನಂಬಿಕೆಯ ಪ್ರಶ್ನೆಗೆ ಬಣ್ಣಕ್ಕಿಂತ ಚಿತ್ರಕಥೆ ಹೆಚ್ಚು ಉತ್ತರ ಕೊಡುತ್ತದೆ. ಗುಟ್ಟು ಗೊತ್ತಿರುವುದು ಇಬ್ಬರಿಗೆ, ಏಜೆಂಟ್ ಜಾರ್ಜ್ ಮತ್ತು ಜೊತೆಗೆ ವಾಸಿಸುವ ನಾಟಕಕಾರ ಜೆಫ್. ಮೂರನೆಯವರಿಗೆ ಹೇಳುವ ದಾರಿಯನ್ನು ಕಥೆ ಒಂದೊಂದಾಗಿ ಮುಚ್ಚುತ್ತ ಹೋಗುತ್ತದೆ. ಆ ಧಾರಾವಾಹಿಯ ಆಸ್ಪತ್ರೆ ಆಡಳಿತಾಧಿಕಾರಿಯ ಪಾತ್ರ ಸಿಗದೆ ಬಂದವಳು ಗೆಳತಿ ಸ್ಯಾಂಡಿ. ಅದೇ ಪಾತ್ರವನ್ನು ಇವನು ಗಿಟ್ಟಿಸಿದ್ದಾನೆ. ಅವಳ ಬಟ್ಟೆ ತೊಟ್ಟು ನೋಡಲು ಅಂಗಿ ಬಿಚ್ಚಿದಾಗ ಸಿಕ್ಕಿಬಿದ್ದು, ನಿನ್ನ ಮೇಲೆ ಆಸೆ ಎಂದು ಸುಳ್ಳು ಹೇಳುತ್ತಾನೆ. ಅತ್ತ ಸಹನಟಿ ಜೂಲಿಯ ಮೇಲೆ ಪ್ರೀತಿ. ಗಂಡಸು ನೇರವಾಗಿ ಕೇಳಿದರೆ ಎಷ್ಟು ಚೆನ್ನ ಎಂದು ಅವಳು ಡೊರೊಥಿಯ ಹತ್ತಿರ ಮನಬಿಚ್ಚುತ್ತಾಳೆ. ಅವೇ ಮಾತುಗಳನ್ನು ಮೈಕಲ್ ಆಗಿ ಪಾರ್ಟಿಯಲ್ಲಿ ಆಡಿದರೆ ಮುಖಕ್ಕೆ ಪಾನೀಯ ಎರಚುತ್ತಾಳೆ. ಅವಳ ಅಪ್ಪ ಲೆಸ್ ಉಂಗುರ ಹಿಡಿದು ಡೊರೊಥಿಯ ಮುಂದೆ ಕೂರುತ್ತಾನೆ. ಒಪ್ಪಂದ ಮುಂದುವರಿದು ಬಿಟ್ಟುಹೋಗುವ ಬಾಗಿಲೂ ಮುಚ್ಚುತ್ತದೆ. ಕೊನೆಗೆ ಮುದ್ರಿಸಿದ್ದ ಟೇಪು ಹಾಳಾಗಿ ಕಂತನ್ನು ನೇರಪ್ರಸಾರ ಮಾಡಬೇಕಾಗಿ ಬಂದಾಗ, ದೇಶದ ಎದುರೇ ವಿಗ್ ಕಿತ್ತೆಸೆಯುತ್ತಾನೆ. ಕತ್ತರಿಸಲು ಯಾರ ಕೈಗೂ ಸಿಗದ ಒಂದೇ ಜಾಗ ಅದು.

ಈ ಬಿಗಿ ಒಂದೇ ಕೈಯದಲ್ಲ. ಚಿತ್ರಕಥೆಗೆ ಹೆಸರು ಬಂದಿದ್ದು ಲ್ಯಾರಿ ಗೆಲ್ಬಾರ್ಟ್, ಮರ್ರೆ ಶಿಸ್ಗಲ್ ಅವರದು. ಎಲೇನ್ ಮೇ ಹೆಸರಿಲ್ಲದೆ ಬರೆದರು. 1982ರ ಡಿಸೆಂಬರಿನಲ್ಲಿ ತೆರೆಕಂಡ ಚಿತ್ರಕ್ಕೆ 10 ಆಸ್ಕರ್ ನಾಮನಿರ್ದೇಶನ ಬಂದರೂ ಗೆದ್ದದ್ದು ಒಂದೇ, ಜೂಲಿಯಾಗಿ ನಟಿಸಿದ ಜೆಸ್ಸಿಕಾ ಲ್ಯಾಂಗ್ ಅವರಿಗೆ. ಆ ವರ್ಷ ಎದುರಿಗಿದ್ದದ್ದು ‘ಗಾಂಧಿ’. ಶ್ರೇಷ್ಠ ನಟ ಪ್ರಶಸ್ತಿಯೂ ಬೆನ್ ಕಿಂಗ್ಸ್ಲಿ ಅವರ ಪಾಲಾಯಿತು.

ದೋಷವಿಲ್ಲವೆಂದಲ್ಲ. ಹೆಂಗಸರಿಗೆ ಧೈರ್ಯ ಕಲಿಸಲು ಸೀರಿಯಲ್ ಸೆಟ್ಟಿಗೆ ಗಂಡಸೇ ಬರಬೇಕಾಯಿತೇ ಎಂಬ ತಕರಾರು ನ್ಯಾಯವಾದದ್ದು. ಸ್ಯಾಂಡಿಯನ್ನಂತೂ ಕಥೆ ಬಳಸಿ ಬಿಸಾಡುತ್ತದೆ. ಟೆರಿ ಗಾರ್ ಅದನ್ನು ಎಷ್ಟು ನಗಿಸುತ್ತ ಆಡಿದ್ದಾರೆಂದರೆ ಆ ಅನ್ಯಾಯ ನಮಗೆ ತಡವಾಗಿ ತಟ್ಟುತ್ತದೆ.

ಇನ್ನೊಮ್ಮೆ ನೋಡುವುದಾದರೆ ಕೊನೆಯ ದೃಶ್ಯ ಗಮನಿಸಿ. ಬಣ್ಣವಿಲ್ಲದ ಮೈಕಲ್ ಬೀದಿಯಲ್ಲಿ ಕಾಯುತ್ತಾನೆ. ಜೂಲಿಗೆ ಡೊರೊಥಿಯ ನೆನಪು. ಕ್ಷಮಿಸಿದೆ ಎಂದು ಅವಳು ಹೇಳುವುದಿಲ್ಲ, ಆ ಹಳದಿ ಉಡುಪನ್ನು ನನಗೊಮ್ಮೆ ಕೊಡುತ್ತೀಯಾ ಎಂದು ಕೇಳುತ್ತಾಳೆ.